ಅರಸರ ಎತ್ತರದ ಜೀಪು

ಹುಣಸೂರಿನ ಗೋಪಾಲರಾಜೇ ಅರಸರಿಗೆ ತಾತನ ಕಾಲದ ಎತ್ತರದ ಜೀಪೆಂದರೆ ಪ್ರಾಣ. ಮಗನ ದಿಬ್ಬಣ ಅದರಲ್ಲೇ ಹೊರಡಬೇಕು. ಆದರೆ ಮಂಡಿನೋವಿನ ಅರಸರ ತಾಯಿಗೆ ಅದನ್ನು ಹತ್ತಲಾಗುತ್ತಿರಲಿಲ್ಲ.

"ಒಂದು ಮೆಟ್ಟಿಲು ಬೆಸುಗೆ ಹಾಕಿಸೋಣ ಬುದ್ಧಿ," ಎಂದ ಡ್ರೈವರ್ ಮಾದಯ್ಯ.

"ಜೀಪು ಮುಟ್ಟಿದರೆ ಕೆಲಸದಿಂದ ತೆಗೀತೀನಿ! ಅಮ್ಮ ಸಲೀಸಾಗಿ ಹತ್ತಬೇಕು, ಅಷ್ಟೆ."

ಮದುವೆಯ ದಿನ ಹೊರಗೆ ಬಂದ ಅರಸರು ಎದೆ ಹಿಡಿದುಕೊಂಡರು. ಅಂಗಳದಲ್ಲಿ ಜೀಪು ಅರ್ಧ ನೆಲದೊಳಗಿತ್ತು! ಮಾದಯ್ಯ ಇಳಿಜಾರು ಗುಂಡಿ ತೋಡಿ ಅದನ್ನು ಇಳಿಸಿ ನಿಲ್ಲಿಸಿದ್ದ. ಅಮ್ಮ ಹೊಸ್ತಿಲು ದಾಟಿದಷ್ಟು ಸುಲಭವಾಗಿ ಹತ್ತಿ ಕೂತರು.

"ಅಯ್ಯೋ ಪಾಪಿ! ಬೀಗರ ಮನೇಲಿ ಇಳಿಯೋದು ಹೆಂಗೋ?"

"ಚಿಂತೆ ಬೇಡಿ ಬುದ್ಧಿ. ನೀವೇ ಹೇಳಿದ್ದೀರಿ ಅಂತ, ಅವರ ಅಂಗಳ ಅಗೆಯೋಕೂ ಆಳು ಕಳಿಸಿದ್ದೀನಿ."

ಅರಸರ ಮುಖ ಬಿಳಿಚಿಕೊಂಡಿತು. "ಓಡೋ, ಆ ಆಳುಗಳನ್ನ ನಿಲ್ಲಿಸು! ಬರ್ತಾ ಹಂಗೇ ಬೆಸುಗೆಯವನನ್ನ ಕರ್ಕೊಂಡು ಬಾ!"