ಕಾದು ನಿಂತ ವಿಮಾನ

ದೇಶದ ಹೆಸರು ಹೊತ್ತು ಹಾರಿದ್ದ ಹಳೆಯ ವಿಮಾನವನ್ನು ಒಡೆದು ಗುಜರಿಗೆ ಹಾಕಲೆಂದು ನಿಲ್ದಾಣದ ಮೂಲೆಗೆ ತಂದು ನಿಲ್ಲಿಸಿದರು. ಅದರ ಏಣಿಯೂ ಜೊತೆಗಿತ್ತು.

“ಮಂತ್ರಿಗಳು ಬರಲಿ ಎಂದು ನೀನು ಗಂಟೆಗಟ್ಟಲೆ ಕಾದೆ. ಬೇಸತ್ತ ಜನ ಬೇರೆ ವಿಮಾನ ಹತ್ತಿದರು. ಕಾದು ಕಾದೇ ಕೆಟ್ಟೆ” ಎಂದಿತು ಏಣಿ.

“ನಿಜ. ಆದರೆ ಪರದೇಶದಲ್ಲಿ ಯುದ್ಧವಾದಾಗ, ಉಳಿದ ವಿಮಾನಗಳೆಲ್ಲ ಹೊರಟುಹೋದ ಮೇಲೂ, ನಮ್ಮ ಕೂಲಿಯವರಲ್ಲಿ ಕೊನೆಯವನು ಹತ್ತುವ ತನಕ ಕಾದದ್ದು ನಾನೇ” ಎಂದಿತು ವಿಮಾನ.

ಅಷ್ಟರಲ್ಲಿ ಗುಜರಿಯ ಮುದುಕ ಗ್ಯಾಸ್ ಕಟರ್ ಹಿಡಿದು ಬಂದ. ವಿಮಾನವನ್ನು ನೋಡಿದವನೇ ಚಪ್ಪಲಿ ಬಿಟ್ಟು, ಏಣಿಯ ಮೊದಲ ಮೆಟ್ಟಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ.

“ಅಂದು ನೀನು ಕಾದ ಆ ಕೊನೆಯವನು ಇವನೇ” ಎಂದು ಏಣಿ ಪಿಸುಗುಟ್ಟಿತು.

“ಹಾಗಾದರೆ ಅಲುಗಾಡದೆ ನಿಲ್ಲು” ಎಂದಿತು ವಿಮಾನ. “ಅವನಿಗೆ ವಯಸ್ಸಾಗಿದೆ, ನಿಧಾನವಾಗಿ ಹತ್ತಲಿ. ಕಾಯೋಣ.”