ಉಳಿದೆರಡು ಹುಣಸೆಬೀಜ

ಕೋತಿಯೊಂದು ಹತ್ತು ಎಳೆಯ ಹಗ್ಗ ಹೊಸೆದು ಆಲದ ಕೊಂಬೆಗೆ ಉಯ್ಯಾಲೆ ಕಟ್ಟಿತು. ತಿಂಗಳಿಡೀ ಆಡಲು ಎಂಟು ಹುಣಸೆಬೀಜ ಕೊಡಬೇಕು ಎಂದು ಸಾರಿತು. ಆ ಬೀಜಗಳೋ, ಕೋತಿಯೇ ಹಣ್ಣು ತಿಂದು ಉಗಿದು, ಹಲ್ಲಿನ ಗುರುತು ಹಾಕಿದಂಥವು. ಹತ್ತು ಶೇಂಗಾ ಕೊಟ್ಟರೆ ಹತ್ತು ಬೀಜ.

"ನನಗೆ ಎಂಟೇ ಸಾಕು," ಎಂದಿತು ಅಳಿಲು.

"ಬಿಡಿಯಾಗಿ ಮಾರುವುದಿಲ್ಲ. ಉಳಿದೆರಡು ನಿನ್ನವೇ, ಇಟ್ಟುಕೋ."

ಕೂಡಿಟ್ಟದ್ದು ಕೈಬಿಡುವುದಿಲ್ಲ ಎಂದು ನಂಬಿದ ಜಾತಿ ಅಳಿಲಿನದು. ತಿಂಗಳಿಗೆ ಎರಡರಂತೆ ಪೊಟರೆಯಲ್ಲಿ ಬಚ್ಚಿಟ್ಟಿತು. ನಾಲ್ಕು ತಿಂಗಳು ಕಳೆದು ಎಂಟಾದಾಗ ಎಲ್ಲವನ್ನೂ ಹೊತ್ತು ತಂದಿತು.

ಕೋತಿ ಮೂಸಿ ನೋಡಿತು. "ಇವು ಹಳೆಯವು. ತಿಂಗಳು ದಾಟಿದ ಬೀಜ ಇಲ್ಲಿ ನಡೆಯುವುದಿಲ್ಲ."

"ಹಾಗಾದರೆ ನನ್ನ ಎಂಟು ಶೇಂಗಾ ವಾಪಸು ಕೊಡು!"

"ವಾಪಸು ಕೊಡುವ ಪದ್ಧತಿಯೂ ಇಲ್ಲ. ನಿಯಮಗಳಿಗೆಲ್ಲ ಮೊದಲ ದಿನವೇ ನೀನು ತಲೆಯಾಡಿಸಿದ್ದೀಯೆ."

"ಈ ನಿಯಮವನ್ನು ನೀನು ಯಾವಾಗ ಹೇಳಿದೆ?"

"ನೀನು ಯಾವಾಗ ಕೇಳಿದೆ?"

ಅಳಿಲಿನ ಬಾಲ ಸೆಟೆದು ನಿಂತಿತು. "ನನ್ನ ಶೇಂಗಾ ನಿನ್ನ ಹೊಟ್ಟೆಯಲ್ಲಿ ನಡೆಯಿತು. ನೀನೇ ಮಾರಿದ ಬೀಜ ನಿನ್ನ ಉಯ್ಯಾಲೆಗೆ ನಡೆಯುವುದಿಲ್ಲವೇ?" ಎಂದು ಕಿರುಚಿ, ಸರಸರನೆ ಹಗ್ಗ ಹತ್ತಿ ಕಟಕಟನೆ ಕಡಿಯತೊಡಗಿತು.

"ಅಯ್ಯೋ, ಏನು ಮಾಡುತ್ತಿದ್ದೀಯೆ?" ಎಂದು ಕೋತಿ ಚೀರಿತು.

ಅಳಿಲು ಬಾಯೊಳಗಿನ ನಾರನ್ನು ಉಗಿಯಿತು. "ಹತ್ತು ಎಳೆಗಳಲ್ಲಿ ಎಂಟನ್ನು ಕಡಿದಿದ್ದೇನೆ. ಉಳಿದೆರಡು ನಿನ್ನವೇ, ಇಟ್ಟುಕೋ. ಬಾ, ಕೂತು ಜೀಕು."