ಮಂದಾರ ಕಾಯ್ದ ಚೌಡ

ಗಿರಿಯವ್ವನಿಗೆ ಒಬ್ಬನೇ ಮಗ, ಚೌಡ. ಬಾಗಿಲು ನೋಡ್ಕೋ ಅಂದರೆ ಬಾಗಿಲನ್ನೇ ನೋಡುತ್ತ ಕೂರುವವನು. ಹಿತ್ತಿಲಿಂದ ಮನೆ ಖಾಲಿಯಾದರೂ ಕತ್ತು ತಿರುಗಿಸುವವನಲ್ಲ. ಇಂಥವನನ್ನು ಹೆತ್ತವಳಿಗೆ ಎಲ್ಲಿದ್ದರೂ ಭಯ. ಗಿರಿಯವ್ವ ಇದ್ದದ್ದೋ ಪಾಳೇಗಾರನ ಕೋಟೆಯಲ್ಲಿ, ಮಾಡುತ್ತಿದ್ದದ್ದು ಅವನ ಹೂದೋಟದ ಕೆಲಸ.

ಆ ತೋಟದಲ್ಲಿ ಆಳೆತ್ತರದ ಒಂದು ಮಂದಾರ. ಪಾಳೇಗಾರನ ಮಗಳು ಗಂಡನ ಮನೆಗೆ ಹೊರಟಾಗ ನೆಟ್ಟು ಹೋದದ್ದು. ಇದು ಸತ್ತರೆ ಕಾಯುವವರ ತಲೆ ಉಳಿಯದು ಎಂದು ಪಾಳೇಗಾರ ಹೇಳಿದ್ದ. ಅವನು ಹೇಳಿ ಮಾಡದೆ ಬಿಟ್ಟದ್ದು ಯಾವುದೂ ಇರಲಿಲ್ಲ.

ಹೀಗಿರಲು ಅವ್ವನ ಕಾಲು ಉಳುಕಿತು. ಬೇರೆ ದಾರಿಯಿಲ್ಲದೆ ತೋಟದ ಕಳೆ ಕೀಳಲು ಮಗನನ್ನು ಕಳಿಸಿದಳು. "ಮಂದಾರದೆಲೆ ದನದ ಗೊರಸಿನಂಗೆ ಎಲ್ಡು ಸೀಳಾಗಿರ್ತದೆ. ಅದನ್ನ ಬಿಟ್ಟು ಮಿಕ್ಕಿದ್ದು ಕಿತ್ತಾಕು, ಮಗ."

ಚೌಡ ಕಿತ್ತ. ಕಳೆ ಕಿತ್ತ, ಮಲ್ಲಿಗೆ ಕಿತ್ತ, ಕನಕಾಂಬರ ಕಿತ್ತ, ಕಟ್ಟೆಯ ತುಳಸಿಯನ್ನೂ ಕಿತ್ತ. ಗಿರಿಯವ್ವ ತೆವಳಿಕೊಂಡು ಬಂದು ಎಲ್ಲವನ್ನೂ ಮತ್ತೆ ನೆಟ್ಟಳು, ಕೇಳಿದವರಿಗೆ ಮೇಕೆ ನುಗ್ಗಿತ್ತು ಅಂದಳು. ಮಗನಿಗೆ ಬೈದು, ಇನ್ನು ಏನನ್ನೂ ಕೀಳಬೇಡ, ಬಾಗಿದ್ದು ಕಂಡರೆ ಕೋಲು ಕೊಟ್ಟು ಕಟ್ಟು, ಅಷ್ಟೇ ಮಾಡು ಅಂದಳು.

ಮಾರನೆಯ ದಿನ ಹೂ ಬಿಡಿಸಲು ಬಂದವಳು ಪಾಳೇಗಾರನ ಸೋದರತ್ತೆ. ವಯಸ್ಸಾಗಿ ನಡು ಬಾಗಿದ ಮುದುಕಿ. ಚೌಡ ಬಿದಿರುಕೋಲು ನೆಟ್ಟ, ಮುದುಕಿಯನ್ನು ನೆಟ್ಟಗೆ ಮಾಡಿದ, ಬಾಳೆನಾರಿನಲ್ಲಿ ಮೂರು ಕಡೆ ಬಿಗಿದ. ಗಿರಿಯವ್ವ ಕಟ್ಟು ಬಿಚ್ಚಿ ಕಾಲಿಗೆ ಬಿದ್ದಳು. ಈ ಸಲ ಯಾರಿಗೂ ಹೇಳುವುದಿಲ್ಲ, ಇನ್ನೊಂದು ಸಲ ಹೀಗಾದರೆ ಸುಮ್ಮನಿರುವುದಿಲ್ಲ ಅಂದಳು ಮುದುಕಿ.

ಚಳಿ ಬಂತು. ಒಂದು ಬೆಳಗ್ಗೆ ಚೌಡ ಓಡಿಬಂದು, ಮಂದಾರದಲ್ಲಿ ಒಂದೆಲೆಯೂ ಇಲ್ಲ ಅಂದ. ಅವ್ವ ಕುಂಟುತ್ತ ಹೋಗಿ ತೊಗಟೆಯನ್ನು ಉಗುರಿನಿಂದ ಕೆರೆದಳು. ಒಳಗೆ ಹಸಿರು. ಅಲ್ಲೇ ಕುಸಿದು ಕೂತು ಅತ್ತಳು.

"ಚಳೀಲಿ ಎಲೆ ಉದುರಿಸ್ತದೆ ಕಣೋ. ನೆತ್ತಿ ಬೋಳಾಯ್ತು ಅಂತ ಹೆದರ್ಕಬ್ಯಾಡ, ಉಗುರಲ್ಲಿ ಕೆರೆದು ನೋಡು. ಹಸಿರಿದ್ರೆ ಜೀವ ಅದೆ. ಇಲ್ದಿದ್ರೆ ಕೊಡಲಿ ತಂದು ಸೌದೆ ಮಾಡು."

ಅಷ್ಟರಲ್ಲಿ ಪಾಳೇಗಾರನೇ ಬಂದ. ಬರಿಯ ಕೊಂಬೆಗಳನ್ನು ಕಂಡು ಅವನ ಕೈ ಕತ್ತಿಯ ಹಿಡಿಗೆ ಹೋಯಿತು. ಗಿರಿಯವ್ವ ತಾನು ಕೆರೆದ ಜಾಗ ತೋರಿಸಿದಳು. ಮಗಳ ಮರ ಬದುಕಿದೆ ಎಂದು ತಿಳಿದು ಅವನ ಕಣ್ಣು ತುಂಬಿತು. ನಿಟ್ಟುಸಿರು ಬಿಟ್ಟು ಮರದ ಬುಡದಲ್ಲೇ ಕೂತ, ರುಮಾಲು ಬಿಚ್ಚಿ ಪಕ್ಕಕ್ಕಿಟ್ಟ.

ತಲೆಯ ಮೇಲೆ ಒಂದು ಕೂದಲೂ ಇರಲಿಲ್ಲ.

ಅವ್ವ ಬೇಡ ಅನ್ನುವುದರೊಳಗೆ ಚೌಡ ಹಿಂದಿನಿಂದ ಬಂದು ನೆತ್ತಿಯನ್ನು ಪರಪರ ಕೆರೆದ, ಬಗ್ಗಿ ನೋಡಿದ.

"ಅವ್ವ, ಒಳಗೆ ಕೆಂಪಗದೆ. ದೊರೆ ಒಣಗೋಗವ್ರೆ. ಅಲ್ಲಾಡದಂಗೆ ಹಿಡ್ಕೊ, ಕೊಡಲಿ ತತ್ತೀನಿ."

ಪಾಳೇಗಾರ ಮೆಲ್ಲಗೆ ಎದ್ದು ಕತ್ತಿ ಹಿರಿದ.

"ಓಡೋ ಮಗ!" ಎಂದು ಕಿರುಚಿದಳು ಗಿರಿಯವ್ವ. "ನಿಲ್ಲಬ್ಯಾಡ, ಓಡು!"

ಚೌಡ ಓಡಿದ. ಎಲ್ಲಿಗೆ ಅಂತ ಅವ್ವ ಹೇಳಿರಲಿಲ್ಲ. ಕತ್ತಿ ಹಿಡಿದು ನಿಂತ ಪಾಳೇಗಾರನನ್ನೂ ಮಂದಾರವನ್ನೂ ಸುತ್ತುಹಾಕುತ್ತ ಅಲ್ಲೇ ಓಡತೊಡಗಿದ.